ತುಮಕೂರಿನಲ್ಲಿ ಇಂಗ್ಲಿಷ್ ಕಲಿಯಲು: ತರಗತಿಯೋ, ಪುಸ್ತಕವೋ, ಮೊಬೈಲೋ, ಜೊತೆಗಾರರೋ?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಬಟವಾಡಿಯಿಂದ ಟೌನ್‌ಹಾಲ್ ವೃತ್ತದ ಕಡೆಗೆ ನಡೆದು ಬರುವವರ ಕಣ್ಣಿಗೆ ‘ಸ್ಪೋಕನ್ ಇಂಗ್ಲಿಷ್’ ಎಂಬ ಫಲಕಗಳು ಬೀಳದೆ ಇರಲಾರವು. ಒಂದು ಫಲಕವು ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಬರಿಸುವುದಾಗಿ ಹೇಳಿದರೆ ಇನ್ನೊಂದು ಅರವತ್ತು ದಿನ ಕೇಳುತ್ತದೆ. ಮೊಬೈಲಿನ ಜಾಹೀರಾತು ದಿನಕ್ಕೆ ಹತ್ತೇ ನಿಮಿಷ ಸಾಕೆನ್ನುತ್ತದೆ. ಪುಸ್ತಕದ ಅಂಗಡಿಯವರು ದಪ್ಪನೆಯ ವ್ಯಾಕರಣವೊಂದನ್ನು ತೆಗೆದು ಕೈಗಿಡುತ್ತಾರೆ. ಪದವಿಪೂರ್ವ ಕಾಲೇಜಿನಲ್ಲಿ ಹಲವು ವರ್ಷ ಇಂಗ್ಲಿಷ್ ಪಾಠ ಮಾಡಿದ ನನ್ನನ್ನು ಹಳೆಯ ವಿದ್ಯಾರ್ಥಿಗಳು ಬಸ್ ನಿಲ್ದಾಣದಲ್ಲಿ ಕಂಡಾಗಲೂ, ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತಾಗಲೂ ಕೇಳುವ ಪ್ರಶ್ನೆ ಒಂದೇ: “ಸಾರ್, ಇವುಗಳಲ್ಲಿ ಯಾವುದಕ್ಕೆ ಸೇರಲಿ?”

ಈ ಪ್ರಶ್ನೆಗೆ ಒಂದೇ ಉತ್ತರವನ್ನು ಕೊಡಲಾಗದು. ವ್ಯಾಕರಣ, ಪದಸಂಪತ್ತು, ಮಾತು ಎಂಬ ಮೂರು ಬೇರೆ ಬೇರೆ ಕಲಿಕೆಗಳನ್ನು ನಾವು ‘ಇಂಗ್ಲಿಷ್’ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ. ಒಂದಕ್ಕೆ ಒಪ್ಪುವ ದಾರಿ ಮತ್ತೊಂದಕ್ಕೆ ಒಪ್ಪುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆಯ ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತು ಅಂಕ ಪಡೆದವರೂ ಬ್ಯಾಂಕಿನ ಕೌಂಟರಿನಲ್ಲಿ ಎರಡು ವಾಕ್ಯಗಳಿಗೆ ತಡವರಿಸುವುದನ್ನು ಕಂಡಿದ್ದೇನೆ. ಅಂಥವರು ವ್ಯಾಕರಣದ ಇನ್ನೊಂದು ಪುಸ್ತಕವನ್ನು ಕೊಂಡರೆ ಆಗುವ ಪ್ರಯೋಜನ ಬಹಳ ಕಡಿಮೆ.

ಆದ್ದರಿಂದ ಹಣ ಕಟ್ಟುವ ಮೊದಲು ಮನೆಯಲ್ಲಿಯೇ ಒಂದು ಚಿಕ್ಕ ಪರೀಕ್ಷೆಯನ್ನು ಮಾಡಿಕೊಳ್ಳುವುದು ಒಳ್ಳೆಯದು. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡಿದಿರಿ ಎಂಬುದನ್ನು ಎರಡು ನಿಮಿಷ ಇಂಗ್ಲಿಷಿನಲ್ಲಿ ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಅನಂತರ ಅದನ್ನೇ ಹತ್ತು ಸಾಲುಗಳಲ್ಲಿ ಬರೆಯಿರಿ. ಬರವಣಿಗೆ ಸರಿಯಾಗಿದ್ದು ಮಾತು ಮಾತ್ರ ನಿಂತು ನಿಂತು ಬಂದಿದ್ದರೆ ನಿಮಗಿರುವ ಕೊರತೆ ಬಾಯಿಯ ಅಭ್ಯಾಸದ್ದು. ಮಾತಿನಲ್ಲಿಯೂ ಬರಹದಲ್ಲಿಯೂ ಒಂದೇ ಕಡೆ ತಪ್ಪಿದ್ದರೆ ಕೊರತೆ ವ್ಯಾಕರಣದ್ದು. ವಾಕ್ಯದ ಕಟ್ಟು ಸರಿಯಾಗಿದ್ದು, ‘ಅದೇ… ಏನಂತಾರೆ…’ ಎಂದು ನಡುವೆ ಕನ್ನಡ ಪದಕ್ಕೆ ಕೈಚಾಚುವಂತಾಗಿದ್ದರೆ ಕೊರತೆ ಪದಗಳದ್ದು. ಮೂರೂ ಸ್ವಲ್ಪ ಸ್ವಲ್ಪ ಇರುವುದೇ ಹೆಚ್ಚು ಎಂಬುದು ನಿಜವಾದರೂ, ಯಾವುದು ಹೆಚ್ಚೆಂಬುದು ಆ ಎರಡು ನಿಮಿಷಗಳಲ್ಲಿ ಸಾಮಾನ್ಯವಾಗಿ ತಿಳಿದುಬಿಡುತ್ತದೆ.

ವ್ಯಾಕರಣಕ್ಕೆ ಯಾವ ಪುಸ್ತಕ?

ನಮ್ಮಲ್ಲಿ ಹೆಚ್ಚಾಗಿ ಸಿಗುವ ಪುಸ್ತಕಗಳು ಮೂರು ಬಗೆಯವು. ಮೊದಲನೆಯದು 1930ರ ದಶಕದಿಂದ ಭಾರತದ ಶಾಲೆಗಳಲ್ಲಿ ನಡೆದುಬಂದಿರುವ, ‘ರೆನ್ ಅಂಡ್ ಮಾರ್ಟಿನ್’ ಎಂದೇ ಎಲ್ಲರೂ ಕರೆಯುವ ವ್ಯಾಕರಣ. ಪದಜಾತಿಗಳ ವಿಂಗಡಣೆ, ವಾಕ್ಯವಿಶ್ಲೇಷಣೆ, ಕರ್ತರಿ–ಕರ್ಮಣಿ ಪರಿವರ್ತನೆ ಮೊದಲಾದವುಗಳಲ್ಲಿ ಅದರ ಶಿಸ್ತನ್ನು ಮೀರಿಸುವುದು ಕಷ್ಟ; ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತುಕೊಳ್ಳುವವರಿಗೆ ಇಂದಿಗೂ ಅದು ಉಪಯುಕ್ತ. ಆದರೆ ಅದರ ಉದಾಹರಣೆಗಳ ಇಂಗ್ಲಿಷ್ ಹಳೆಯದು, ಮತ್ತು ನಿಯಮವನ್ನು ಹೇಳಿದ ಮೇಲೆ ಬಳಕೆಗೆ ಬರುವ ಕ್ರಮ ಅದರದ್ದು. ಎರಡನೆಯದು ಕೇಂಬ್ರಿಜ್ ಪ್ರಕಟಿಸುವ ರೇಮಂಡ್ ಮರ್ಫಿಯವರ ಪುಸ್ತಕಗಳು. 1985ರಲ್ಲಿ ಮೊದಲು ಬಂದ ನೀಲಿ ಹೊದಿಕೆಯದು ಮಧ್ಯಮ ಮಟ್ಟದವರಿಗೆ, ಕೆಂಪು ಹೊದಿಕೆಯದು ಆರಂಭದವರಿಗೆ. ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ ಎಂಬ ಕ್ರಮವಿರುವುದರಿಂದ ದಿನಕ್ಕೊಂದು ಘಟಕವನ್ನು ಮುಗಿಸಬಹುದು. ಮೇಷ್ಟರಿಲ್ಲದೆ ಓದುವವರು ಕೊನೆಯಲ್ಲಿ ಉತ್ತರಗಳಿರುವ ಆವೃತ್ತಿಯನ್ನೇ ಕೇಳಿ ಕೊಳ್ಳಬೇಕು. ನೀಲಿಗೆ ಕೈಹಾಕಿ ಹದಿನೈದು ದಿನಗಳಲ್ಲಿ ಬಿಟ್ಟವರು ಬಹಳ ಮಂದಿ. ಕೆಂಪಿನಿಂದ ಆರಂಭಿಸುವುದರಲ್ಲಿ ಅವಮಾನವೇನೂ ಇಲ್ಲ.

ಮೂರನೆಯ ಬಗೆ, ಕನ್ನಡದಲ್ಲಿ ವಿವರಿಸುವ ‘ಇಂಗ್ಲಿಷ್ ಕಲಿಯಿರಿ’ ಮಾದರಿಯ ಪುಸ್ತಕಗಳು. ಇವುಗಳಲ್ಲಿ ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಅವನ್ನು ಅಂಗಡಿಯಲ್ಲಿ ನಿಂತೇ ಅಳೆಯಲು ನಾನು ಬಳಸುವ ಉಪಾಯವೊಂದಿದೆ: ‘ಬರುತ್ತೇನೆ’ ಎಂಬ ಒಂದು ಪದವನ್ನು ಆ ಪುಸ್ತಕ ಹೇಗೆ ವಿವರಿಸಿದೆ ಎಂದು ನೋಡುವುದು. ‘ದಿನವೂ ಬರುತ್ತೇನೆ’ ಎಂದಾಗಲೂ ‘ನಾಳೆ ಬರುತ್ತೇನೆ’ ಎಂದಾಗಲೂ ಕನ್ನಡದ ರೂಪ ಒಂದೇ. ಇಂಗ್ಲಿಷಿನಲ್ಲಿ ಮೊದಲನೆಯದು ‘ಐ ಕಮ್’, ಎರಡನೆಯದು ‘ಐ ವಿಲ್ ಕಮ್’. ಈ ವ್ಯತ್ಯಾಸವನ್ನು ಬಿಡಿಸಿ ಹೇಳುವ ಪುಸ್ತಕ ಕನ್ನಡಿಗರಿಗಾಗಿ ಯೋಚಿಸಿ ಬರೆದದ್ದು. ‘ನಾನು ಬರುತ್ತೇನೆ – ಐ ಕಮ್’ ಎಂದು ಎರಡು ಕಾಲಂಗಳಲ್ಲಿ ಮುದ್ರಿಸಿ ಮುಂದಿನ ಪುಟಕ್ಕೆ ಹೋಗಿರುವ ಪುಸ್ತಕವನ್ನು ಹಿಂದಿರುಗಿಸಿ ಬರಬಹುದು.

ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳುವುದಕ್ಕೆ ಕಾರಣವಿದೆ. ನಾವು ಮಾಡುವ ತಪ್ಪುಗಳಲ್ಲಿ ಬಹುಪಾಲು ದಡ್ಡತನದಿಂದ ಆಗುವಂಥವಲ್ಲ, ಕನ್ನಡದ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸುವುದರಿಂದ ಆಗುವಂಥವು. ‘ನಿನ್ನೆ ಬೆಂಗಳೂರಿಗೆ ಹೋಗಿದ್ದೆ’ ಎಂಬುದು ಸೊಗಸಾದ ಕನ್ನಡ. ಅದನ್ನೇ ಅನುಸರಿಸಿ ‘ಐ ಹ್ಯಾಡ್ ಗಾನ್’ ಎನ್ನುತ್ತೇವೆ, ಆದರೆ ಇಂಗ್ಲಿಷಿಗೆ ಅಲ್ಲಿ ‘ಐ ವೆಂಟ್’ ಸಾಕು. ‘ಎಲ್ಲಿಗೆ ಹೋಗುತ್ತಿದ್ದೀರಿ’ ಎಂದು ಕೇಳುವಾಗ ಕನ್ನಡದಲ್ಲಿ ಪದಗಳ ಜಾಗ ಬದಲಾಗುವುದಿಲ್ಲವಾದ್ದರಿಂದ ‘ವೇರ್ ಯು ಆರ್ ಗೋಯಿಂಗ್’ ಎಂಬುದೇ ನಮಗೆ ಸಹಜವೆನಿಸುತ್ತದೆ. ‘ಮಾಡುತ್ತಾ ಇದ್ದೇನೆ’ ಎಂಬುದರ ‘ಇದ್ದೇನೆ’ಯನ್ನೂ ‘ಇಬ್ಬರು ಅಣ್ಣಂದಿರು ಇದ್ದಾರೆ’ ಎಂಬುದರ ‘ಇದ್ದಾರೆ’ಯನ್ನೂ ಒಂದೇ ಎಂದು ಬಗೆದು ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎನ್ನುತ್ತೇವೆ. ಎಲ್ಲ ವಾಕ್ಯಗಳ ಬಾಲಕ್ಕೂ ‘ಇಸಂಟ್ ಇಟ್’ ಅಂಟಿಸುವುದು ನಮ್ಮ ‘ಅಲ್ಲವೇ’ಯ ಪ್ರಭಾವ. ‘ನೀವು ನಿಮ್ಮ ತಂದೆಗೆ ಎಷ್ಟನೆಯ ಮಗ’ ಎಂದು ಇಂಗ್ಲಿಷಿನಲ್ಲಿ ಒಂದೇ ಪದದಿಂದ ಕೇಳಲು ದಾರಿಯೇ ಇಲ್ಲ ಎಂಬುದು ಇದಕ್ಕೆ ತಿರುಗುಮುರುಗಾದ ಉದಾಹರಣೆ. ಅಲ್ಲಿ ಬಡವಾಗಿರುವುದು ಇಂಗ್ಲಿಷು. ಇಂಥ ಹತ್ತು ಹನ್ನೆರಡು ಜಾಗಗಳನ್ನು ಗುರುತಿಸಿ ತೋರಿಸಬಲ್ಲ ಮೇಷ್ಟರು ಸಿಕ್ಕರೆ, ಅವರು ಯಾವ ಪುಸ್ತಕಕ್ಕಿಂತಲೂ ಮೇಲು.

ಪದಗಳು ಮತ್ತು ನಿಘಂಟುಗಳು

ಪದಗಳನ್ನು ಕಲಿಯಲು ಅಗ್ಗದ ಉಪಾಯ ನಿಘಂಟು. ಆದರೆ ಎಲ್ಲ ನಿಘಂಟುಗಳ ಕೆಲಸವೂ ಒಂದೇ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಹೊರತಂದ ಇಂಗ್ಲಿಷ್–ಕನ್ನಡ ನಿಘಂಟಿನ ಪರಂಪರೆಯವು ಓದುವಾಗ ಎದುರಾದ ಕಠಿಣ ಪದದ ಅರ್ಥವನ್ನು ತಿಳಿಯಲು ನೆರವಾಗುತ್ತವೆ. ಮಾತಾಡುವಾಗ ನಮಗೆ ಬೇಕಾಗುವುದು ಎದುರು ದಿಕ್ಕು: ಮನಸ್ಸಿನಲ್ಲಿ ಕನ್ನಡ ಪದವಿದೆ, ಇಂಗ್ಲಿಷ್ ಪದ ಬೇಕು. ಅದಕ್ಕೆ ವಿ. ಕೃಷ್ಣ ಅವರು ದಶಕಗಳ ಕಾಲ ಕಟ್ಟಿದ, 2019ರಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಅನುಕೂಲ; ಒಂದೂವರೆ ಲಕ್ಷದಷ್ಟು ಕನ್ನಡ ಪದಗಳು ಅದರಲ್ಲಿವೆ. ಆದರೆ ಎರಡರಲ್ಲಿಯೂ ಸಿಗದ ಒಂದು ಸಂಗತಿಯೆಂದರೆ, ಆ ಪದವು ಯಾವ ಪದದ ಜೊತೆಗೆ ಕೂಡುತ್ತದೆ ಎಂಬುದು.

ನಮ್ಮ ‘ಹಾಕು’ ಎಂಬ ಕ್ರಿಯಾಪದವನ್ನೇ ತೆಗೆದುಕೊಳ್ಳಿ. ಫ್ಯಾನು ಹಾಕುತ್ತೇವೆ, ಬಾಗಿಲು ಹಾಕುತ್ತೇವೆ, ಅಂಗಿ ಹಾಕುತ್ತೇವೆ, ಅರ್ಜಿ ಹಾಕುತ್ತೇವೆ, ಹಸುವಿಗೆ ಹುಲ್ಲು ಹಾಕುತ್ತೇವೆ. ಇಂಗ್ಲಿಷಿನಲ್ಲಿ ಈ ಐದಕ್ಕೂ ಐದು ಬೇರೆ ಕ್ರಿಯಾಪದಗಳು ಬೇಕು. ‘ಪುಟ್’ ಒಂದನ್ನೇ ನಂಬಿ ‘ಪುಟ್ ದ ಡೋರ್’ ಎಂದರೆ ಕೇಳುವವರು ಬಾಗಿಲನ್ನು ಎಲ್ಲಿ ಇಡಬೇಕೆಂದು ಯೋಚಿಸಬೇಕಾದೀತು. ಇದನ್ನು ಸರಿಪಡಿಸುವುದು ಕಲಿಯುವವರಿಗಾಗಿಯೇ ರಚಿಸಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು. ಲಾಂಗ್‌ಮನ್ ಸಂಸ್ಥೆಯ 1978ರ ನಿಘಂಟು ಎಲ್ಲ ಪದಗಳ ಅರ್ಥವನ್ನೂ ಸುಮಾರು 2000 ಸರಳ ಪದಗಳೊಳಗೆ ಹೇಳುವ ನಿಯಮವನ್ನು ಇಟ್ಟುಕೊಂಡಿತು. ಆಕ್ಸ್‌ಫರ್ಡಿನದು ಮುಖ್ಯವಾದ 3000 ಪದಗಳಿಗೆ ಗುರುತು ಹಾಕಿಕೊಡುತ್ತದೆ. ಈ ಬಗೆಯ ನಿಘಂಟುಗಳನ್ನು ಮೊಬೈಲಿನಲ್ಲಿ ಉಚಿತವಾಗಿಯೇ ನೋಡಬಹುದು, ಉಚ್ಚಾರಣೆಯನ್ನೂ ಕೇಳಬಹುದು. ಪದಗಳ ಪಟ್ಟಿಯನ್ನು ಹೀಗೆ ಕಿರಿದಾಗಿಸುವ ವಿಚಾರಕ್ಕೆ ನಮ್ಮ ಉಪಖಂಡದ ನಂಟೂ ಇದೆ: ಸುಮಾರು 2000 ಪದಗಳ ಪ್ರಸಿದ್ಧ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದ ಮೈಕೆಲ್ ವೆಸ್ಟ್ ಎಂಬ ಆಂಗ್ಲರು ಢಾಕಾದಲ್ಲಿ ಬಂಗಾಳಿ ಮಕ್ಕಳ ಕಲಿಕೆಯನ್ನು ನೋಡುತ್ತ ಕೆಲಸ ಮಾಡಿದವರು. ಸಾಧಾರಣ ಬರಹದ ನೂರು ಪದಗಳಲ್ಲಿ ಎಂಬತ್ತರಷ್ಟು ಆ ಪಟ್ಟಿಯೊಳಗಿನವೇ ಆಗಿರುತ್ತವೆ. ಹತ್ತು ಸಾವಿರ ಪದಗಳನ್ನು ಉರು ಹೊಡೆಸುವುದಾಗಿ ಹೇಳುವ ಪುಸ್ತಕಕ್ಕೂ ಆ 2000 ಪದಗಳನ್ನು ಜೊತೆಪದಗಳ ಸಮೇತ ಕಲಿಸುವ ಪುಸ್ತಕಕ್ಕೂ ನಡುವೆ ಆಯ್ಕೆಯಿದ್ದರೆ, ಎರಡನೆಯದನ್ನೇ ಆರಿಸಿಕೊಳ್ಳಿ.

ತರಗತಿಗೆ ಸೇರುವವರು ಹಾಕಬೇಕಾದ ಲೆಕ್ಕ

ಮಾತಿನ ವಿಷಯಕ್ಕೆ ಬಂದರೆ, ಎಲ್ಲ ಆಯ್ಕೆಗಳನ್ನೂ ನಾನು ಒಂದೇ ಅಳತೆಗೋಲಿನಿಂದ ಅಳೆಯುತ್ತೇನೆ: ಅಲ್ಲಿ ನಿಮ್ಮ ಬಾಯಿ ದಿನಕ್ಕೆ ಎಷ್ಟು ನಿಮಿಷ ತೆರೆಯುತ್ತದೆ? ಮೂವತ್ತು ಜನರ ಬ್ಯಾಚು, ಒಂದು ಗಂಟೆಯ ತರಗತಿ, ಅದರಲ್ಲಿ ಅರ್ಧ ಗಂಟೆ ಮೇಷ್ಟರೇ ಮಾತಾಡುತ್ತಾರೆ ಎಂದಿಟ್ಟುಕೊಳ್ಳೋಣ. ಉಳಿದ ಮೂವತ್ತು ನಿಮಿಷಗಳನ್ನು ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದರೆ ನಿಮ್ಮ ಪಾಲಿಗೆ ಬರುವುದು ಒಂದು ನಿಮಿಷ. ಅರವತ್ತು ದಿನ ತಪ್ಪದೆ ಹೋದರೂ ಒಟ್ಟು ಒಂದು ಗಂಟೆ. ಅದೇ ಮೂವತ್ತು ನಿಮಿಷಗಳಲ್ಲಿ ಎಲ್ಲರನ್ನೂ ಇಬ್ಬಿಬ್ಬರಂತೆ ಕೂರಿಸಿ ಪರಸ್ಪರ ಮಾತಾಡಲು ಬಿಟ್ಟರೆ ನಿಮಗೆ ಹದಿನೈದು ನಿಮಿಷ ಸಿಗುತ್ತದೆ. ಅರವತ್ತು ದಿನಗಳಿಗೆ ಹದಿನೈದು ಗಂಟೆ. ಶುಲ್ಕ ಅದೇ, ಕೊಠಡಿ ಅದೇ, ಮೇಷ್ಟರೂ ಅವರೇ. ಕೂರಿಸುವ ಕ್ರಮವೊಂದರಿಂದ ಹದಿನೈದು ಪಟ್ಟು ವ್ಯತ್ಯಾಸ. ಆದ್ದರಿಂದ ಡೆಮೊ ತರಗತಿಗೆ ಹೋದಾಗ ಮೇಷ್ಟರ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಎಂಬುದನ್ನು ಕೇಳಿ ಬೆರಗಾಗುವ ಬದಲು, ಕಲಿಯುವವರು ಎಷ್ಟು ಹೊತ್ತು ಮಾತಾಡಿದರು ಎಂಬುದನ್ನು ಗಡಿಯಾರ ನೋಡಿ ಎಣಿಸಬೇಕು. ಡೆಮೊ ದಿನ ಒಬ್ಬ ಮೇಷ್ಟರು ಬಂದು, ಹಣ ಕಟ್ಟಿದ ಮೇಲೆ ಬೇರೊಬ್ಬರು ಬರುವುದೂ ಉಂಟಾದ್ದರಿಂದ, ಈಗಾಗಲೇ ನಡೆಯುತ್ತಿರುವ ಬ್ಯಾಚಿನಲ್ಲಿ ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಕೇಳುವುದು ಇನ್ನೂ ಉತ್ತಮ.

ಕೆಲವು ತರಗತಿಗಳಲ್ಲಿ ಕನ್ನಡ ಆಡಿದವರಿಗೆ ದಂಡ ಹಾಕುವ ಪದ್ಧತಿಯಿದೆ. ಅಭ್ಯಾಸದ ಅರ್ಧ ಗಂಟೆಯಲ್ಲಿ ಇಂಗ್ಲಿಷನ್ನಷ್ಟೇ ಆಡಬೇಕೆಂಬ ನಿಯಮವನ್ನು ಒಪ್ಪುತ್ತೇನೆ. ವ್ಯಾಕರಣವನ್ನು ವಿವರಿಸುವಾಗಲೂ ಕನ್ನಡವನ್ನು ಹೊರಗಿಡುವುದನ್ನು ಒಪ್ಪಲಾರೆ. ‘ಹೋಗಿದ್ದೆ’ಗೂ ‘ಹೋದೆ’ಗೂ ಇರುವ ವ್ಯತ್ಯಾಸವನ್ನು ಕನ್ನಡದಲ್ಲಿ ಎರಡು ನಿಮಿಷಗಳಲ್ಲಿ ಹೇಳಿ ಮುಗಿಸಬಹುದಾದಾಗ, ಅದನ್ನು ಅರ್ಧಂಬರ್ಧ ಅರ್ಥವಾಗುವ ಇಂಗ್ಲಿಷಿನಲ್ಲಿ ಇಪ್ಪತ್ತು ನಿಮಿಷ ಹೇಳುವುದರಿಂದ ಲಾಭ ಯಾರಿಗೆ? ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಹೊಸಗನ್ನಡ ಕವಿತೆಗೆ ದಾರಿ ಮಾಡಿಕೊಟ್ಟವರು. ಒಂದು ಭಾಷೆ ಒಳಗೆ ಬರಬೇಕಾದರೆ ಇನ್ನೊಂದು ಹೊರಗೆ ಹೋಗಬೇಕೆಂದು ಅವರಿಗೆ ಅನ್ನಿಸಿದಂತೆ ಕಾಣುವುದಿಲ್ಲ.

ಒಬ್ಬರಿಗೊಬ್ಬರೇ ಹೇಳಿಕೊಡುವ ಟ್ಯೂಷನ್ನಿನಲ್ಲಿ ಬಾಯಿ ತೆರೆಯುವ ನಿಮಿಷಗಳು ಹೆಚ್ಚು, ಖರ್ಚೂ ಹೆಚ್ಚು. ನಡುವಿನ ದಾರಿಯಾಗಿ ನಾಲ್ಕೈದು ಮಂದಿ ಸೇರಿ ಒಬ್ಬ ಮೇಷ್ಟರನ್ನು ವಾರಕ್ಕೆ ಎರಡು ದಿನ ಗೊತ್ತುಮಾಡಿಕೊಳ್ಳಬಹುದು. ತಪ್ಪುಗಳನ್ನು ಅವರು ತಿದ್ದಲಿ, ಉಳಿದ ದಿನಗಳಲ್ಲಿ ನೀವೇ ಸೇರಿ ಮಾತಾಡಿ.

ಖರ್ಚಿಲ್ಲದ ಆಯ್ಕೆ

ಎಲ್ಲಕ್ಕಿಂತ ಅಗ್ಗವಾದ, ಆದರೆ ಹೆಚ್ಚಿನವರು ಮನಸ್ಸು ಮಾಡದ ಆಯ್ಕೆ ಜೊತೆಗಾರರದ್ದು. ನಿಮ್ಮ ಮಟ್ಟದವರೇ ಆದ ಇನ್ನೊಬ್ಬರೊಡನೆ ದಿನಕ್ಕೆ ಇಪ್ಪತ್ತು ನಿಮಿಷ, ಮೊದಲೇ ಗೊತ್ತುಮಾಡಿಕೊಂಡ ಒಂದು ವಿಷಯದ ಮೇಲೆ, ಇಂಗ್ಲಿಷಿನಲ್ಲಿಯೇ ಮಾತಾಡುವುದು. “ಇಬ್ಬರಿಗೂ ಬಾರದಿದ್ದರೆ ತಿದ್ದುವವರು ಯಾರು, ಸಾರ್?” ಎಂಬ ಆಕ್ಷೇಪ ಸಹಜವೇ. ತಿದ್ದುವ ಕೆಲಸವನ್ನು ಪುಸ್ತಕಕ್ಕೂ ಮೇಷ್ಟರಿಗೂ ಬಿಡಿ. ಇಲ್ಲಿ ನಡೆಯುವುದು ನಾಲಿಗೆಯ ಸಂಕೋಚ ಬಿಡಿಸುವ ಕೆಲಸ. ‘ಬಾಯಿ ಬಿಟ್ಟರೆ ಬಣ್ಣಗೇಡು’ ಎಂಬ ಗಾದೆಯನ್ನು ಕೇಳುತ್ತ ಬೆಳೆದ ನಮಗೆ ಆ ಸಂಕೋಚ ಇಂಗ್ಲಿಷಿಗಿಂತಲೂ ದೊಡ್ಡ ಅಡ್ಡಿ. ಪಾವಗಡದ ಕಡೆ ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಕಲಿತವರನ್ನು ಕೇಳಿ ನೋಡಿ: ಎರಡನೆಯ ಭಾಷೆಯನ್ನು ಅವರು ವಿಭಕ್ತಿ ಪ್ರತ್ಯಯಗಳಿಂದ ಕಲಿತದ್ದಲ್ಲ, ತಪ್ಪುತಪ್ಪಾಗಿ ಆಡುತ್ತ, ಜೊತೆಯವರು ನಕ್ಕಾಗ ತಾವೂ ನಗುತ್ತ ಕಲಿತದ್ದು.

ಮೊಬೈಲಿನ ಆ್ಯಪುಗಳು ಈ ಅಳತೆಗೋಲಿನಲ್ಲಿ ಹಿಂದೆ ಬೀಳುತ್ತವೆ. ಪದಗಳನ್ನು ನೆನಪಿನಲ್ಲಿ ಉಳಿಸಿಕೊಳ್ಳಲು, ದಿನವೂ ಸ್ವಲ್ಪ ಓದುವ ಅಭ್ಯಾಸ ಬೆಳೆಸಿಕೊಳ್ಳಲು ಅವು ಒಳ್ಳೆಯವು. ಆದರೆ ಬೆರಳಿನಿಂದ ಉತ್ತರ ಆರಿಸುವುದಕ್ಕೂ ಬಾಯಿಂದ ವಾಕ್ಯ ಕಟ್ಟುವುದಕ್ಕೂ ಅಂತರವಿದೆ. ವಿವರಣೆ ಕನ್ನಡದಲ್ಲಿ ಇದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ನೋಡಿಕೊಳ್ಳಬೇಕು. ಈಚೆಗೆ ಬಂದಿರುವ, ನಾವು ಮಾತಾಡಿದರೆ ತಿರುಗಿ ಮಾತಾಡುವ ಕೃತಕ ಬುದ್ಧಿಮತ್ತೆಯ ಆ್ಯಪುಗಳ ಎದುರು ನಾಚಿಕೆಯಿರುವುದಿಲ್ಲ ಎಂಬುದು ದೊಡ್ಡ ಅನುಕೂಲ. ತಪ್ಪು ಮಾತಾಡಿದರೂ ಅವು ಅರ್ಥಮಾಡಿಕೊಂಡು ಮುಂದುವರಿಯುವುದರಿಂದ, ‘ಪ್ರತಿ ವಾಕ್ಯವನ್ನೂ ತಿದ್ದು’ ಎಂದು ಮೊದಲೇ ಹೇಳಿ ಆರಂಭಿಸಬೇಕು.

ಕೇಳುವ ಅಭ್ಯಾಸಕ್ಕಂತೂ ಈ ಊರಿನವರಿಗೆ ಸಮಯದ ಕೊರತೆಯಿಲ್ಲ. ಪಾಸು ಇಟ್ಟುಕೊಂಡು ದಿನವೂ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಹೋಗುವಾಗ ಒಂದು ಗಂಟೆಗೂ ಹೆಚ್ಚು, ಬರುವಾಗ ಅಷ್ಟೇ ಹೊತ್ತು ಸಿಗುತ್ತದೆ. ಬಿಬಿಸಿಯ ಇಂಗ್ಲಿಷ್ ಕಲಿಕೆಯ ವಿಭಾಗವು ಆರು ನಿಮಿಷಗಳ ಸಂಭಾಷಣೆಗಳನ್ನು ಬರಹರೂಪದ ಸಮೇತ ಉಚಿತವಾಗಿ ಕೊಡುತ್ತದೆ. ಒಮ್ಮೆ ಬರಹವಿಲ್ಲದೆ ಕೇಳಿ, ಒಮ್ಮೆ ಬರಹ ನೋಡುತ್ತ ಕೇಳಿ, ಮೂರನೆಯ ಸಲ ಧ್ವನಿಯ ಹಿಂದೆಯೇ ತುಟಿಯಾಡಿಸಿದರೆ ಕ್ಯಾತ್ಸಂದ್ರ ದಾಟಿ ಬಹಳ ಹೊತ್ತಾಗುವುದರೊಳಗೆ ಒಂದು ಪಾಠ ಮುಗಿದಿರುತ್ತದೆ. ‘ಬಸ್ಸು’, ‘ಕಾರು’, ‘ಸ್ವಿಚ್ಚು’ ಎಂದು ಪದದ ಕೊನೆಗೆ ಸ್ವರ ಸೇರಿಸುವ ನಮ್ಮ ರೂಢಿಯೂ, ‘ಎಂ’ ಅಕ್ಷರವನ್ನು ‘ಯೆಂ’ ಎನ್ನುವ ರೂಢಿಯೂ ಸಡಿಲವಾಗುವುದು ಹೀಗೆ ಕಿವಿ ಪಳಗಿದಾಗಲೇ, ನಿಯಮ ಓದಿದಾಗಲ್ಲ.

ಯಾರಿಗೆ ಯಾವುದು?

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು ಸ್ಪೋಕನ್ ಇಂಗ್ಲಿಷ್ ತರಗತಿಗೆ ಸದ್ಯಕ್ಕೆ ಸೇರಬೇಕಾಗಿಲ್ಲ. ಐಬಿಪಿಎಸ್ ಕ್ಲರ್ಕ್ ಹುದ್ದೆಯ ಪೂರ್ವಭಾವಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದ್ದರೂ ಇಂಗ್ಲಿಷ್ ವಿಭಾಗ ಇದ್ದೇ ಇರುತ್ತದೆ. 20 ನಿಮಿಷಗಳಲ್ಲಿ 30 ಪ್ರಶ್ನೆಗಳನ್ನು ಬಿಡಿಸಲು ಬೇಕಾಗುವುದು ವ್ಯಾಕರಣದ ಖಚಿತತೆ ಮತ್ತು ಓದಿನ ವೇಗ. ಹಳೆಯ ವ್ಯಾಕರಣ, ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ, ಗಡಿಯಾರ ಇಟ್ಟುಕೊಂಡು ಬಿಡಿಸುವ ಮಾದರಿ ಪ್ರಶ್ನೆಪತ್ರಿಕೆಗಳು, ಇಷ್ಟೇ ಅವರಿಗೆ ಸಾಕು.

ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವ ಡಿಪ್ಲೊಮಾ, ಐಟಿಐ ಓದಿದವರಿಗೆ ಬೇಕಾಗುವುದು ಬೇರೆ. ಯಂತ್ರ ಏಕೆ ನಿಂತಿತು, ಎಷ್ಟು ಹೊತ್ತು ನಿಂತಿತು, ಯಾವ ಭಾಗ ಬದಲಾಯಿಸಬೇಕು ಎಂಬುದನ್ನು ಪಾಳಿ ಬದಲಾಗುವಾಗ ಐದಾರು ವಾಕ್ಯಗಳಲ್ಲಿ ಹೇಳುವುದು ಅವರ ಇಂಗ್ಲಿಷು. ಆ ಪದಗಳಲ್ಲಿ ಬಹಳಷ್ಟು ಅವರಿಗೆ ಈಗಾಗಲೇ ಗೊತ್ತಿರುವುದರಿಂದ, ಮೂವತ್ತು ಜನರ ಬ್ಯಾಚಿಗಿಂತ ಅದೇ ಪಾಳಿಯ ಒಬ್ಬ ಜೊತೆಗಾರ ಹೆಚ್ಚು ಉಪಯೋಗಕ್ಕೆ ಬರುತ್ತಾನೆ. ಭೂತಕಾಲದ ರೂಪಗಳಿಗಷ್ಟೇ ಕೆಂಪು ಹೊದಿಕೆಯ ಪುಸ್ತಕವನ್ನು ನೋಡಿದರಾಯಿತು.

ವಿದೇಶಕ್ಕೆ ಹೋಗುವ ನರ್ಸಿಂಗ್ ಪದವೀಧರರ ದಾರಿ ಹೆಚ್ಚು ಕಟ್ಟುನಿಟ್ಟಿನದು. ಐಇಎಲ್‌ಟಿಎಸ್ ಪರೀಕ್ಷೆಯ ಮಾತಿನ ಭಾಗವೇ 11ರಿಂದ 14 ನಿಮಿಷಗಳದ್ದು, ಎದುರಿಗೆ ಪರೀಕ್ಷಕರಿರುತ್ತಾರೆ. ಅಂಥವರು ಮಾತ್ರ ಹೆಚ್ಚು ಖರ್ಚಾದರೂ ಒಬ್ಬರಿಗೊಬ್ಬರ ಟ್ಯೂಷನ್ನನ್ನೇ ಆರಿಸಿಕೊಳ್ಳಬೇಕು, ಅದಕ್ಕೂ ಮೊದಲು ಮಧ್ಯಮ ಮಟ್ಟದ ವ್ಯಾಕರಣವನ್ನು ಸ್ವಂತವಾಗಿ ಮುಗಿಸಿರಬೇಕು. ಶಾಲಾ ಶಿಕ್ಷಕರಿಗಾದರೆ ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ, 1963ರಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿಗಳಿವೆ. ಪ್ರಮಾಣಪತ್ರವೂ ಬೇಕು, ಮನೆಯಲ್ಲಿಯೇ ಓದಬೇಕು ಎನ್ನುವವರು ಇಗ್ನೋದ ಆರು ತಿಂಗಳ ಫಂಕ್ಷನಲ್ ಇಂಗ್ಲಿಷ್ ಸರ್ಟಿಫಿಕೇಟ್ ಕೋರ್ಸನ್ನು ವಿಚಾರಿಸಬಹುದು.

ಇನ್ನು, ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿ, ಮನೆಪಾಠ ನೋಡಲಾಗದೆ ತಾವೂ ಕಲಿಯಬೇಕೆಂದು ಕೇಳುವ ತಾಯಂದಿರಿದ್ದಾರೆ. ಅವರಿಗೆ ನಾನು ಯಾವ ತರಗತಿಯನ್ನೂ ಹೇಳುವುದಿಲ್ಲ. “ಮೇಷ್ಟ್ರೇ, ಒಂದನೇ ಕ್ಲಾಸಿನ ಪುಸ್ತಕ ಓದೋಕೆ ನಾಚಿಕೆಯಾಗುತ್ತೆ” ಎಂದು ಒಬ್ಬ ತಾಯಿ ಹೇಳಿದರು. ಆ ಪುಸ್ತಕದಲ್ಲಿ ವಾಕ್ಯಗಳು ಚಿಕ್ಕವು, ಚಿತ್ರಗಳಿವೆ, ಪದಗಳು ಮನೆಯೊಳಗಿನವು. ದೊಡ್ಡವರಿಗಾಗಿ ಮಾಡಿದ ಎಷ್ಟೋ ಕೋರ್ಸುಗಳು ಅಷ್ಟು ಕ್ರಮಬದ್ಧವಾಗಿಲ್ಲ. ಮಗುವಿನಿಂದ ಗಟ್ಟಿಯಾಗಿ ಓದಿಸಿ, ಅದೇ ಸಾಲನ್ನು ತಾವೂ ಓದಿ, ಪುಟದ ಚಿತ್ರದ ಬಗ್ಗೆ ಇಬ್ಬರೂ ಎರಡೆರಡು ಪ್ರಶ್ನೆ ಕೇಳಿಕೊಂಡರೆ ಹದಿನೈದು ನಿಮಿಷ ಕಳೆದಿರುತ್ತದೆ, ಆ ಹದಿನೈದರಲ್ಲಿ ಏಳೆಂಟು ನಿಮಿಷ ಬಾಯಿ ತೆರೆದಿರುತ್ತದೆ. ಬಿ.ಎಚ್. ರಸ್ತೆಯ ಮೂವತ್ತು ಜನರ ಬ್ಯಾಚಿನಲ್ಲಿ ಅಷ್ಟು ಹೊತ್ತು ಮಾತಾಡಲು ಅವರಿಗೆ ಒಂದು ವಾರವೇ ಬೇಕಾಗುತ್ತಿತ್ತು.